ಹೂವಿಗೆ ಬೇಕಾಗಿದ್ದ ಕೆಂಪು ಬೆಳಕು

ಮನೆಯೊಳಗೆ ಗಿಡ ಇಟ್ಟುಕೊಂಡವರಿಗೆ ಈ ಸಂಕಟ ಗೊತ್ತಿರುತ್ತದೆ. ಹೊತ್ತುಹೊತ್ತಿಗೆ ನೀರು ಹಾಕುತ್ತೀರಿ. ಗೊಬ್ಬರ ಹಾಕುತ್ತೀರಿ. ಗಿಡವೂ ಹಚ್ಚಗೆ, ಸೊಂಪಾಗಿ ಬೆಳೆಯುತ್ತದೆ. ಬಂದವರೆಲ್ಲ ಎಲೆ ನೋಡಿ ತಲೆದೂಗುತ್ತಾರೆ. ಹೂವು ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ.

ಒಬ್ಬ ವೈರ್‌ಮ್ಯಾನ್‌ನ ಮನೆಯಲ್ಲಿ ಹೀಗೇ ಆಯಿತು. ಬೀದಿಯವರೆಲ್ಲ ಅವನನ್ನು ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಯಾರ ಮನೆಯ ದೀಪ ಆರಿದರೂ, ಯಾರ ಫ್ಯಾನು ನಿಂತರೂ, ಏಣಿಯನ್ನು ಹೆಗಲಿಗೇರಿಸಿಕೊಂಡು ಹೋಗುವವನು ಅವನೇ. ಕರೆಂಟಿನ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಎಂಬ ಒಂದು ಬಿಗುಮಾನ ಅವನಿಗಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೆಲಸ ಚೆನ್ನಾಗಿಯೇ ಗೊತ್ತಿತ್ತು.

ಅವನ ಮನೆ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿತ್ತು. ಹಿಂದಿನ ಕೋಣೆಯ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲೇ ಪಕ್ಕದ ಕಟ್ಟಡದ ಗೋಡೆ. ಬಿಸಿಲು ಅಲ್ಲಿಗೆ ಬಂದದ್ದೇ ಇಲ್ಲ. ಆ ಕೋಣೆಯಲ್ಲೇ ಅವನ ಹೆಂಡತಿ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕುಂಡಗಳನ್ನು ಜೋಡಿಸಿ, ದೀಪದ ಬೆಳಕಿನಲ್ಲೇ ಹೂ ಬೆಳೆಸುತ್ತಿದ್ದಳು. ಬಣ್ಣಬಣ್ಣದ ಪೆಟೂನಿಯಾ ಇತ್ತು. ಕೆನ್ನೆ ಒತ್ತಿದರೆ ಬಾಯಿ ತೆರೆಯುವ ಡಾಗ್ ಫ್ಲವರ್ ಇತ್ತು. ಮೂಲೆಯಲ್ಲಿ ಹೊಸದಾಗಿ ತಂದಿಟ್ಟ ಒಂದಿಷ್ಟು ಸೇವಂತಿಗೆ. ಹೂ ಬಿಟ್ಟ ಕುಂಡಗಳನ್ನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ, ಒಂದು ಲಾಡ್ಜಿಗೆ, ಒಂದು ಬಟ್ಟೆ ಅಂಗಡಿಗೆ ಬಾಡಿಗೆಗೆ ಕೊಡುವುದು, ಹೂ ಬಾಡಿದ ಕೂಡಲೇ ಬೇರೆ ಕುಂಡ ಇಟ್ಟು ಹಳೆಯದನ್ನು ವಾಪಸು ತರುವುದು, ಇದು ಅವಳ ಕಸುಬು.

ಅವಳ ಕೈಗುಣದ ಬಗ್ಗೆ ಬೀದಿಯಲ್ಲಿ ಒಳ್ಳೆಯ ಮಾತಿತ್ತು. ಅವಳು ನೆಟ್ಟರೆ ಒಣಕಡ್ಡಿಯೂ ಹೂ ಬಿಡುತ್ತದೆ ಎಂದು ಅತ್ತೆಯೇ ಹತ್ತು ಜನರ ಮುಂದೆ ಹೇಳುತ್ತಿದ್ದರು. ಸೊಸೆಯನ್ನು ಹೊಗಳುವ ಅಭ್ಯಾಸ ಅವರಿಗೆ ಅಷ್ಟಾಗಿ ಇರಲಿಲ್ಲ. ಹಾಗಾಗಿ ಆ ಮಾತಿಗೆ ತೂಕವೂ ಹೆಚ್ಚು.

ಮೊದಲು ಆ ಕೋಣೆಯಲ್ಲಿ ಟ್ಯೂಬ್‌ಲೈಟುಗಳ ಜೊತೆಗೆ ಹಳೇ ಗುಂಡು ಬಲ್ಬುಗಳ ಸಾಲೊಂದಿತ್ತು. ಒಳಗಿನ ತಂತಿ ಕಾದು, ಹಳದಿಯಾಗಿ ಉರಿಯುತ್ತವಲ್ಲ, ಅಂಥವು. ಕೋಣೆ ಒಲೆಯ ಹಾಗೆ ಕಾಯುತ್ತಿತ್ತು. ಮೀಟರು ಓಡುತ್ತಿತ್ತು. ಒಂದು ಭಾನುವಾರ ಫ್ಯೂಸಣ್ಣ ಏಣಿ ಹಾಕಿ ಎಲ್ಲವನ್ನೂ ಬಿಚ್ಚಿ, ಹೊಚ್ಚ ಹೊಸ ಬಿಳಿ ಎಲ್‌ಇಡಿ ದೀಪಗಳನ್ನು ಹಾಕಿದ. ಸ್ವಿಚ್ಚು ಒತ್ತಿದಾಗ ಕೋಣೆ ಹಾಲು ಚೆಲ್ಲಿದಂತೆ ಬೆಳಗಿತು. ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನಿಗೂ ಹೆಮ್ಮೆಯಾಯಿತು.

ಆಮೇಲೆ ಶುರುವಾಯಿತು ತೊಂದರೆ. ಹೊಸದಾಗಿ ನೆಟ್ಟ ಸಸಿಗಳು ಮೊದಲಿಗಿಂತ ದಷ್ಟಪುಷ್ಟವಾಗಿ ಬೆಳೆದವು. ಗಿಡ್ಡಗೆ, ದಟ್ಟಗೆ, ಎಲೆಯೋ ಎಲೆ. ಮೊಗ್ಗು ಮಾತ್ರ ಇಲ್ಲ. ಕಾದು ಕಾದು ಸಾಕಾದ ಮೇಲೆ ಅಲ್ಲೊಂದು ಇಲ್ಲೊಂದು ಮೊಗ್ಗು ಕಾಣಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಕುಂಡ ಬದಲಾಯಿಸುವ ದಿನ ಕಳೆದುಹೋಗಿರುತ್ತಿತ್ತು. ಹಲ್ಲಿನ ಡಾಕ್ಟರು ಒಂದೆರಡು ಸಲ ಸುಮ್ಮನಿದ್ದರು. ಮೂರನೇ ಸಲ, ಎಲೆ ಬೇಕಿದ್ದರೆ ರಸ್ತೆ ಬದಿಯಲ್ಲೇ ಸಿಗುತ್ತದಲ್ಲಮ್ಮ ಎಂದು ಮೆತ್ತಗೆ ಹೇಳಿ ಕುಂಡ ವಾಪಸು ಕೊಟ್ಟರು. ಲಾಡ್ಜಿನವರು ಮೇಜಿನ ಮೇಲೆ ಪ್ಲಾಸ್ಟಿಕ್ ಹೂ ಇಟ್ಟುಕೊಂಡರು.

ಹೆಂಡತಿ ಗೊಬ್ಬರ ಬದಲಾಯಿಸಿದಳು. ಮಣ್ಣು ಬದಲಾಯಿಸಿದಳು. ಬೀಜ ಬೇರೆ ಕಡೆಯಿಂದ ತರಿಸಿದಳು. ಏನೂ ಪ್ರಯೋಜನವಾಗಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಅತ್ತೆ ಕೈಗುಣದ ಮಾತು ಆಡುವುದನ್ನು ನಿಲ್ಲಿಸಿದರು. ಬೈದಿದ್ದರೇ ವಾಸಿಯಿತ್ತು ಎಂದು ಅವಳಿಗೆ ಅನಿಸಿರಬೇಕು. ಊಟ ಬಡಿಸುವಾಗ, ತಟ್ಟೆ ತೊಳೆಯುವಾಗ, ತನ್ನದೇ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಫ್ಯೂಸಣ್ಣ ಅದನ್ನು ನೋಡಿಯೂ ನೋಡದವನಂತೆ ಇದ್ದ.

ಆ ಹೊತ್ತಿಗೆ ಅವಳ ತಂಗಿ ಮನೆಗೆ ಬಂದಳು. ಅವಳು ದೊಡ್ಡ ನರ್ಸರಿಯೊಂದರಲ್ಲಿ, ಮುಚ್ಚಿದ ಶೆಡ್ಡಿನೊಳಗೆ ದೀಪದ ಬೆಳಕಿನಲ್ಲಿ ಸಸಿ ಬೆಳೆಸುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಚಪ್ಪಲಿ ಬಿಟ್ಟವಳೇ ನೇರ ಹಿಂದಿನ ಕೋಣೆಗೆ ಹೋದಳು. ಎಲೆ ಮುಟ್ಟಿ ನೋಡಿದಳು, ಮಣ್ಣು ಮುಟ್ಟಿ ನೋಡಿದಳು, ಆಮೇಲೆ ತಲೆಯೆತ್ತಿ ಚಾವಣಿ ನೋಡಿದಳು.

"ಭಾವ, ಇಲ್ಲಿದ್ದ ಹಳೇ ಬಲ್ಬುಗಳು ಎಲ್ಲಿ ಹೋದ್ವು?"

ಫ್ಯೂಸಣ್ಣ ಹೊಸ ದೀಪಗಳ ಗುಣಗಾನ ಮಾಡಿದ. ಮೊದಲಿಗಿಂತ ಬೆಳಕು ಜಾಸ್ತಿ, ಖರ್ಚು ಕಡಿಮೆ, ಬಿಸಿ ಇಲ್ಲ. ನಾದಿನಿ ಎಲ್ಲಕ್ಕೂ ಹೌದು ಎಂದಳು. ಕೊನೆಗೆ ಹೇಳಿದಳು:

"ಬೆಳಕು ನಮ್ಮ ಕಣ್ಣಿಗೆ ಒಂದೇ. ಗಿಡಕ್ಕೆ ಒಂದೇ ಅಲ್ಲ. ಬಿಸಿಲಲ್ಲಿ ನಮಗೆ ಕಾಣೋ ಕೆಂಪಿರುತ್ತೆ, ಅದರಾಚೆಗೆ ಕಂಡೂ ಕಾಣದ ಹಾಗೆ ಇನ್ನೊಂದು ಕೆಂಪಿರುತ್ತೆ. ಫಾರ್ ರೆಡ್ ಅಂತಾರೆ ಅದನ್ನ. ನಿಮ್ಮ ಗುಂಡು ಬಲ್ಬಲ್ಲಿ ಅದು ಬೇಕಾದಷ್ಟಿತ್ತು. ಈ ಬಿಳಿ ದೀಪದಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ."

ಹೂವಿಗೂ ಅದಕ್ಕೂ ಏನು ಸಂಬಂಧ ಎಂದು ಅವನು ಕೇಳಿದ. ನಾದಿನಿ ನೆಲದ ಮೇಲೆ ಕೂತು ವಿವರಿಸಿದಳು. ಎಲೆ ನಮಗೆ ಕಾಣುವ ಕೆಂಪನ್ನು ನುಂಗಿಬಿಡುತ್ತದೆ, ಫಾರ್ ರೆಡ್ಡನ್ನು ಮಾತ್ರ ಹೆಚ್ಚುಕಡಿಮೆ ಹಾಗೇ ಆಚೆಗೆ ಬಿಡುತ್ತದೆ. ಹಾಗಾಗಿ ಗಿಡಗಳ ಗುಂಪಿನ ನಡುವೆ ಸಿಕ್ಕಿಕೊಂಡ ಗಿಡಕ್ಕೆ ತಲುಪುವ ಬೆಳಕಿನಲ್ಲಿ ಫಾರ್ ರೆಡ್ಡಿನ ಪಾಲೇ ಜಾಸ್ತಿ. ಅಕ್ಕಪಕ್ಕದವರು ಮುತ್ತಿಕೊಂಡಿದ್ದಾರೆ, ನೆರಳು ಕವಿಯುವ ಮೊದಲು ಹೂ ಬಿಟ್ಟು ಬೀಜ ಕಟ್ಟಬೇಕು ಎಂದು ಅದಕ್ಕೆ ಅರ್ಥವಾಗುತ್ತದೆ. ಬರೀ ಬಿಳಿ ದೀಪದ ಕೆಳಗೆ ಆ ಸುಳಿವೇ ಸಿಗುವುದಿಲ್ಲ. ಸುತ್ತ ಬಯಲು, ಯಾರ ಕಾಟವೂ ಇಲ್ಲ ಎಂದುಕೊಂಡು ಆರಾಮಾಗಿ ಎಲೆ ಬಿಡುತ್ತಾ ಕೂರುತ್ತದೆ. ಹೂ ಬಿಡುವುದೇ ಇಲ್ಲ ಎಂದಲ್ಲ. ಅವಸರವಿರುವುದಿಲ್ಲ, ಅಷ್ಟೇ.

ಫ್ಯೂಸಣ್ಣ ಹುಬ್ಬೇರಿಸಿದ. "ಬಲ್ಬ್ ಹಾಕಿದ್ರೆ ಗಿಡಕ್ಕೆ ಅವಸರ ಆಗುತ್ತಾ? ಹಾಗಿದ್ರೆ ನಿಮ್ಮಕ್ಕನ ಕನ್ನಡಿ ಮೇಲೂ ಒಂದು ಹಾಕೋಣ. ಎಲ್ಲಿಗಾದ್ರೂ ಹೊರಡಬೇಕಾದ್ರೆ ಅನುಕೂಲ."

ಎಲ್ಲರೂ ನಕ್ಕರು, ಹೆಂಡತಿ ಬಿಟ್ಟು. ನಾದಿನಿ ಚೀಲದಿಂದ ಒಂದು ಬಲ್ಬು ತೆಗೆದು ಮೇಜಿನ ಮೇಲಿಟ್ಟಳು. ಡಬ್ಬಿಯ ಮೇಲೆ ೭೩೦ ಎಂದು ಬರೆದಿತ್ತು. ಅದು ಬೆಳಕಿನ ಅಲೆಯ ಅಳತೆ, ಫಾರ್ ರೆಡ್ ಕೊಳ್ಳುವಾಗ ನೋಡಬೇಕಾದ ಗುರುತು ಎಂದಳು. ಫ್ಯೂಸಣ್ಣ ಅದನ್ನು ಹೋಲ್ಡರಿಗೆ ಹಾಕಿ ಹಚ್ಚಿದ. ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ಕೆಂಪಗೆ ಕಂಡಿತು. ಅವನ ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಇದೇನು ಹಾಳಾಗಿರುವ ಬಲ್ಬಾ ಎಂದರು. ಅವನಿಗೂ ಹಾಗೇ ಅನಿಸಿತ್ತು. ಪುಸ್ತಕ ಓದಲೂ ಸಾಲದ ಬೆಳಕು ಹೂ ಅರಳಿಸುತ್ತದೆ ಎಂದರೆ ಯಾರು ನಂಬುತ್ತಾರೆ? ಬಲ್ಬನ್ನು ಬಿಚ್ಚಿ ಕಪಾಟಿನಲ್ಲಿಟ್ಟ. ಗೊಬ್ಬರದಲ್ಲೇ ಏನೋ ಕೊರತೆಯಿರಬೇಕು ಎಂದ. ನಾದಿನಿ ವಾದ ಬೆಳೆಸಲಿಲ್ಲ. ಮಾರನೇ ದಿನ ಊರಿಗೆ ಹೊರಟಳು.

ಕೆಲವು ದಿನ ಕಳೆದ ಮೇಲೆ, ಪಕ್ಕದ ಹಾಸಿಗೆ ಅಂಗಡಿಯವನು ಅಳತೆ ಟೇಪು ಹಿಡಿದುಕೊಂಡು ಹಿಂದಿನ ಕೋಣೆಯಲ್ಲಿ ನಿಂತಿದ್ದುದನ್ನು ಫ್ಯೂಸಣ್ಣ ಕಂಡ. ಅವನು ಹೋದ ಮೇಲೆ ವಿಷಯ ತಿಳಿಯಿತು. ಹಾಸಿಗೆ ದಾಸ್ತಾನಿಡಲು ಕೋಣೆ ಬಾಡಿಗೆಗೆ ಕೊಡುತ್ತೇನೆಂದು ಹೆಂಡತಿ ಒಪ್ಪಿಕೊಂಡಿದ್ದಳು. ತಿಂಗಳ ಕೊನೆಗೆ ಖಾಲಿ ಮಾಡುವ ಮಾತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದ ಅವನು.

"ಕೇಳಿ ಏನು ಮಾಡೋದು ಬಿಡ್ರೀ," ಎಂದಳು ಅವಳು, ಒಂದು ಕುಂಡದ ಒಣ ಎಲೆ ಕೀಳುತ್ತಾ. "ಕೈಗುಣ ಹೋಯ್ತು. ಹೋದದ್ದನ್ನ ಹೋಯ್ತು ಅನ್ನಬೇಕು. ಹಾಸಿಗೆಗಾದ್ರೆ ಹೂ ಬಿಡೋ ಕಷ್ಟ ಇಲ್ಲ."

ಅವಳು ಅಳಲಿಲ್ಲ. ಬೆಲೆ ಇಳಿದ ಸಾಮಾನಿನ ಬಗ್ಗೆ ಹೇಳುವ ಹಾಗೆ ಹೇಳಿದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಅವನಿಗೆ ಹಿಂದಿನ ಬೀದಿಯ ಒಂದು ಮನೆಯಿಂದ ಕರೆ ಬಂತು. ಗ್ರೈಂಡರ್ ಹಾಕಿದರೆ ಸಾಕು, ಮನೆಯ ಕರೆಂಟೇ ಹೋಗುತ್ತಿದೆ ಎಂಬ ದೂರು. ಮನೆಯಾಕೆ ಗ್ರೈಂಡರೇ ಹಾಳಾಗಿದೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಫ್ಯೂಸಣ್ಣ ಗ್ರೈಂಡರನ್ನು ಮುಟ್ಟಲೇ ಇಲ್ಲ. ಇಂಥ ಕಡೆ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದ.

"ಅಮ್ಮಾ, ಇದಕ್ಕೂ ಮುಂಚೆ ಮನೇಲಿ ಏನಾದ್ರೂ ಬದಲಾಯಿಸಿದ್ರಾ?"

ಏನೂ ಇಲ್ಲ ಎಂದರು ಆಕೆ. ಅವನು ಮತ್ತೊಮ್ಮೆ ಕೇಳಿದ. ಬಚ್ಚಲಿಗೆ ಹೊಸ ಹೀಟರ್ ಹಾಕಿಸಿದ್ದೇವೆ, ಆದರೆ ಅದಕ್ಕೂ ಗ್ರೈಂಡರಿಗೂ ಏನು ಸಂಬಂಧ ಎಂದರು. ಸಂಬಂಧ ಇತ್ತು. ಎರಡೂ ಒಂದೇ ಲೈನಿನಲ್ಲಿದ್ದವು. ಫ್ಯೂಸಣ್ಣ ಮಂಡಿಯೂರಿ ಕೂತು ಬೋರ್ಡಿನ ಸ್ಕ್ರೂ ಬಿಚ್ಚುತ್ತಾ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ. ಮನೆಮನೆಗೆ ಹೋಗಿ ಈ ಪ್ರಶ್ನೆ ಕೇಳುವವನು ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಗೊಬ್ಬರ, ಮಣ್ಣು, ಬೀಜ ಎಲ್ಲ ಬದಲಾದದ್ದು ತೊಂದರೆ ಶುರುವಾದ ಮೇಲೆ. ಅದಕ್ಕೂ ಮುಂಚೆ ಬದಲಾದದ್ದು ಒಂದೇ. ಅದನ್ನು ಏಣಿ ಹತ್ತಿ ಬದಲಾಯಿಸಿದವನು ತಾನೇ.

ಕೆಲಸ ಮುಗಿಸಿ ಸೀದಾ ಮನೆಗೆ ಬಂದ. ಕಪಾಟಿನಿಂದ ಬಲ್ಬು ತೆಗೆದ. ಆದರೂ ಅವನು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಹೆಂಡತಿಗೆ ಹೇಳಿದ: ಒಂದು ಸ್ಟ್ಯಾಂಡಿಗೆ ಈ ಬಲ್ಬು ಹಾಕುತ್ತೇನೆ, ಪಕ್ಕದ್ದಕ್ಕೆ ಹಾಕುವುದಿಲ್ಲ. ನಡುವೆ ರಟ್ಟು ನಿಲ್ಲಿಸುತ್ತೇನೆ. ಎರಡಕ್ಕೂ ಅದೇ ವಯಸ್ಸಿನ ಪೆಟೂನಿಯಾ ಸಸಿ, ಅದೇ ಮಣ್ಣು, ಅದೇ ನೀರು. ಹಾಸಿಗೆಯವನಿಗೆ ಸ್ವಲ್ಪ ತಡೆ ಅಂತ ಹೇಳು. ಅವಳು ಗಂಡನ ಮುಖವನ್ನೊಮ್ಮೆ ನೋಡಿದಳು. ಹಾಸಿಗೆಯವನಿಗೆ ನೀವೇ ಹೇಳಿ ಎಂದಳು.

ಅವನು ಹೋಗಿ ಹೇಳಿದ. ನಾದಿನಿಗೂ ಫೋನು ಮಾಡಿ ಕ್ರಮ ಕೇಳಿಕೊಂಡ. ಬಿಳಿ ದೀಪ ಮೊದಲಿನಂತೆಯೇ ಬೆಳಿಗ್ಗೆಯಿಂದ ಮಲಗುವ ಹೊತ್ತಿನವರೆಗೆ ಉರಿಯಲಿ, ಫಾರ್ ರೆಡ್ ಅದರ ಜೊತೆಗೇ ಉರಿಯಲಿ, ಮಲಗುವಾಗ ಎರಡನ್ನೂ ಆರಿಸಿ ಎಂದಳು ಅವಳು.

ದಿನಗಳು ಕಳೆದವು. ಮೊದಮೊದಲು ಎರಡೂ ಕಡೆ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಕೆಂಪು ಬಲ್ಬಿನ ಕಡೆಯ ಗಿಡಗಳು ಸ್ವಲ್ಪ ಎತ್ತರವಾದವು. ಒಂದು ಬೆಳಿಗ್ಗೆ ಫ್ಯೂಸಣ್ಣ ಹಲ್ಲುಜ್ಜುತ್ತಾ ಕೋಣೆಗೆ ಹೋದವನು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತ. ಆ ಕಡೆಯ ಕುಂಡಗಳಲ್ಲಿ ಮೊಗ್ಗು ಬಂದಿದ್ದವು. ಒಂದಲ್ಲ, ಎರಡಲ್ಲ, ಎಣಿಸುವ ಗೋಜಿಗೆ ಹೋಗದಷ್ಟು. ರಟ್ಟಿನ ಈಚೆ ಕಡೆ ಬರೀ ಹಸಿರು.

ಹೆಂಡತಿ ಅವನ ಬೆನ್ನ ಹಿಂದೆ ಬಂದು ನಿಂತಿದ್ದಳು. ಅವನು ಬಾಯಿ ತೊಳೆದುಕೊಂಡು ಬಂದು ಹೇಳಿದ:

"ನಿನ್ನ ಕೈಯಲ್ಲಿ ಏನೂ ದೋಷ ಇರ್ಲಿಲ್ಲ ಕಣೇ. ನಾನು ಹಾಕಿದ ದೀಪದಲ್ಲಿತ್ತು."

ಅವಳು ಒಂದು ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. "ಹಾಗಿದ್ರೆ ಮುಂಚೆ ಹೂ ಬಂದಾಗಲೂ ನನ್ನ ಕೈಗುಣ ಏನಿರ್ಲಿಲ್ಲ, ನಿಮ್ಮ ಹಳೇ ಬಲ್ಬಿನದು ಅಂತಾಯ್ತು," ಎಂದಳು. ಅವನು ತಲೆ ಕೆರೆದುಕೊಂಡ. ಅವಳ ತುಟಿಯ ಕೊನೆಯಲ್ಲಿ ನಗು ಮೂಡಿತ್ತು. ಆ ನಗು ನೋಡಿ ಎಷ್ಟು ದಿನವಾಗಿತ್ತು ಎಂದು ಅವನಿಗೆ ಆಗ ಹೊಳೆಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಂಬದವನು ಒಮ್ಮೆ ನಂಬಿದರೆ ಹಿಡಿಯುವವರಿಲ್ಲ. ಫ್ಯೂಸಣ್ಣ ಪೇಟೆಗೆ ಹೋಗಿ ಒಂದು ಚೀಲ ಫಾರ್ ರೆಡ್ ಬಲ್ಬು ತಂದ. ಇಷ್ಟು ಸಣ್ಣ ಬಲ್ಬೇ ಇಷ್ಟು ಕೆಲಸ ಮಾಡಿದ ಮೇಲೆ, ಬಿಳಿ ದೀಪದ ಹಂಗೇಕೆ ಎಂದುಕೊಂಡ. ಡಾಗ್ ಫ್ಲವರಿನ ಸ್ಟ್ಯಾಂಡಿನಲ್ಲಿ ಬಿಳಿ ದೀಪ ಬಿಚ್ಚಿ, ಪೂರಾ ಕೆಂಪೇ ಹಾಕಿದ. ಹಗಲೂ ರಾತ್ರಿ ಉರಿಸಿದ. ಮೂಲೆಯ ಸೇವಂತಿಗೆಯ ಮೇಲೂ ಬಿಳಿಯದೊಂದು, ಕೆಂಪಿನದೊಂದು ನೇತುಹಾಕಿ, ರಾತ್ರಿಯೂ ಆರಿಸದೆ ಬಿಟ್ಟ.

ಡಾಗ್ ಫ್ಲವರ್ ಗಿಡಗಳು ನೂಲಿನಂತೆ ಸಣಕಲಾಗಿ ಉದ್ದಕ್ಕೆ ಬೆಳೆದು, ಬಿಳಿಚಿಕೊಂಡು, ಒಂದರ ಮೇಲೊಂದು ಒರಗಿಬಿದ್ದವು. ಹೊಟ್ಟೆಗಿಲ್ಲದೆ ಬೆಳೆದ ಮಕ್ಕಳ ಹಾಗಿವೆ ಎಂದರು ಅಮ್ಮ. ಸೇವಂತಿಗೆ ಮೊಗ್ಗಿನ ಸುದ್ದಿಯನ್ನೇ ಎತ್ತದೆ ಎಲೆ ಬಿಡುತ್ತಾ ಕೂತಿತು. ಹೆಂಡತಿ ಸೊರಗಿದ ಗಿಡಗಳ ಮುಂದೆ ನಿಂತಿದ್ದಾಗ ಅವನಿಗೆ ಅವಳತ್ತ ನೋಡಲು ಮುಖವಿರಲಿಲ್ಲ. ಈ ಸಲ ಅವಳೇ ತಂಗಿಗೆ ಫೋನು ಮಾಡಿದಳು.

ನಾದಿನಿ ಬಂದಳು. ನೋಡಿದಳು. ನಗಬಾರದೆಂದು ತುಂಬಾ ಪ್ರಯತ್ನಪಟ್ಟಳು.

"ಭಾವ, ಬಿಳಿ ದೀಪ ಗಿಡಕ್ಕೆ ಊಟ. ಫಾರ್ ರೆಡ್ ಬರೀ ಕರೆಯೋಲೆ. ನೀವು ಅಡುಗೆ ಮಾಡದೆ ಎಲ್ಲರನ್ನೂ ಊಟಕ್ಕೆ ಕರೆದಿದ್ದೀರಿ."

ಆಮೇಲೆ ಒಂದೊಂದಾಗಿ ಹೇಳಿದಳು. ಬಿಳಿ ದೀಪ ತೆಗೆಯಲೇಬಾರದು. ಫಾರ್ ರೆಡ್ ಜೊತೆಗೆ ಸೇರಬೇಕು, ಅದೂ ಹಿತಮಿತವಾಗಿ. ಹೆಚ್ಚಾದರೆ ಗಿಡ ಕಾಂಡ ಎಳೆದುಕೊಂಡು ಬಲವಿಲ್ಲದೆ ಬೀಳುತ್ತದೆ. ಪೆಟೂನಿಯಾ, ಡಾಗ್ ಫ್ಲವರ್ ಇವೆಲ್ಲ ದೀರ್ಘ ಹಗಲನ್ನು ಬಯಸುವ ಗಿಡಗಳು. ಈ ಉಪಾಯ ಮುಖ್ಯವಾಗಿ ಇಂಥವಕ್ಕೆ. ಸೇವಂತಿಗೆಯದು ಬೇರೆ ಜಾತಕ. ಅದಕ್ಕೆ ಹೂ ಬಿಡಲು ಉದ್ದನೆಯ, ಕಲಕದ ಕತ್ತಲೆ ಬೇಕು. ಸಂಜೆಯಾದ ಕೂಡಲೇ ಅದನ್ನು ಬೇರೆ ಕೋಣೆಗೆ ಸಾಗಿಸಿ, ಬೆಳಗಾಗುವವರೆಗೆ ಯಾವ ದೀಪವೂ ಬೀಳದಂತೆ ನೋಡಿಕೊಳ್ಳಬೇಕು. ನಡುವೆ ಯಾರಾದರೂ ಬಾಗಿಲು ತೆರೆದು ಸ್ವಿಚ್ಚು ಒತ್ತಿದರೂ ಅದರ ಲೆಕ್ಕ ತಪ್ಪುತ್ತದೆ.

ಫ್ಯೂಸಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಏಣಿ ಹಾಕಿದ. ಬಿಳಿ ದೀಪಗಳನ್ನು ಮತ್ತೆ ಕಟ್ಟಿ, ಸ್ಟ್ಯಾಂಡಿಗೊಂದರಂತೆ ಮಾತ್ರ ಕೆಂಪು ಬಲ್ಬು ಬಿಟ್ಟು, ಮಲಗುವ ಹೊತ್ತಿಗೆ ತಾನಾಗಿ ಆರುವಂತೆ ಟೈಮರ್ ಕೂರಿಸಿದ. ಸೇವಂತಿಗೆಯನ್ನು ದಿನಾ ಸಂಜೆ ಸಾಮಾನಿನ ಕೋಣೆಗೆ ಸಾಗಿಸುವ ಕೆಲಸವನ್ನು ಅಮ್ಮ ತಾವೇ ವಹಿಸಿಕೊಂಡರು. ಆ ಮೇಲೆ ಯಾರೇ ಆ ಕೋಣೆಯ ಬಾಗಿಲ ಹತ್ತಿರ ಸುಳಿದರೂ, ಮಗು ಮಲಗಿರುವ ಮನೆಯಲ್ಲಿ ಮಾಡುವ ಹಾಗೆ ಅವರು ಕಣ್ಣು ಬಿಡುತ್ತಿದ್ದರು.

ಒರಗಿಬಿದ್ದ ಡಾಗ್ ಫ್ಲವರ್ ಉಳಿಯಲಿಲ್ಲ. ಅದರ ಬದಲು ಹೊಸ ಸಸಿ ನೆಟ್ಟರು. ಪೆಟೂನಿಯಾ ಅರಳಿತು, ನೇರಳೆ, ಬಿಳಿ, ಗುಲಾಬಿ. ಬಟ್ಟೆ ಅಂಗಡಿಯವರು ಎಲ್ಲರಿಗಿಂತ ಮೊದಲು ಕುಂಡ ತರಿಸಿಕೊಂಡರು. ಆಮೇಲೆ ಸೇವಂತಿಗೆಯೂ ಬಂತು. ಹೆಂಡತಿ ತಾನೇ ಹಾಸಿಗೆ ಅಂಗಡಿಗೆ ಹೋಗಿ, ಕೋಣೆ ಕೊಡಲಾಗುವುದಿಲ್ಲ ಎಂದು ಹೇಳಿಬಂದಳು. ಅಂಗಡಿಯವನು ಗೊಣಗಿದನಂತೆ, ಆದರೆ ಸಂಜೆ ಅಂಗಡಿ ಮುಚ್ಚಿದ ಮೇಲೆ ಬಂದು ತನ್ನ ಹೆಂಡತಿಗೆಂದು ಒಂದು ಕುಂಡ ಕೇಳಿ ತೆಗೆದುಕೊಂಡು ಹೋದ.

ಈಗ ಬೀದಿಯಲ್ಲಿ ಯಾರ ಗಿಡ ಹೂ ಬಿಡದಿದ್ದರೂ ಆ ಹಿಂದಿನ ಕೋಣೆಗೇ ಬರುತ್ತಾರೆ. ಮೊನ್ನೆ ಒಬ್ಬರು ಟೈಲರ್ ಅಕ್ಕ ಸೊಂಪಾದ ಕುಂಡವೊಂದನ್ನು ಎತ್ತಿಕೊಂಡು ಬಂದು, ಇದಕ್ಕೆ ಯಾವ ಗೊಬ್ಬರ ಹಾಕಲಿ ಎಂದು ಕೇಳಿದರು. ಫ್ಯೂಸಣ್ಣ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕುಂಡವನ್ನು ಕೈಗೆ ತೆಗೆದುಕೊಂಡು, "ಗೊಬ್ಬರ ಆಮೇಲೆ. ಇದನ್ನ ಎಲ್ಲಿಟ್ಟಿದ್ದೀರಿ, ಮೇಲೆ ಯಾವ ದೀಪ ಇದೆ ಹೇಳಿ," ಎಂದಳು. ಅವನು ಟೈಲರ್ ಅಕ್ಕನಿಗೆ ಕುರ್ಚಿ ಎಳೆದುಹಾಕಿದ.

ಈಗ ಓದುತ್ತಿರುವ, ಕೇಳುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಮನೆಯೊಳಗಿನ ಗಿಡ ಎಲೆ ತುಂಬಿಕೊಂಡು ಹೂವಿಲ್ಲದೆ ನಿಂತಿದ್ದರೆ, ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ತಲೆಯೆತ್ತಿ ದೀಪ ನೋಡಿ. ಬರೀ ಬಿಳಿ ಎಲ್‌ಇಡಿ ಇದ್ದರೆ ಅದನ್ನು ತೆಗೆಯಬೇಡಿ, ಪಕ್ಕದಲ್ಲಿ ಒಂದು ಫಾರ್ ರೆಡ್ ಬಲ್ಬು ಸೇರಿಸಿ. ಕೊಳ್ಳುವಾಗ ಡಬ್ಬಿಯ ಮೇಲೆ ೭೩೦ ಎಂದಿದೆಯೇ ನೋಡಿ. ಕೆಂಪು ಬಣ್ಣ ಬಳಿದ ಅಲಂಕಾರದ ಬಲ್ಬಾಗಲಿ, ಕೋಳಿಮರಿಗೆ ಬಿಸಿ ಕೊಡುವ ಬಲ್ಬಾಗಲಿ ಈ ಕೆಲಸಕ್ಕಲ್ಲ. ಮಂಕಾಗಿ ಕಾಣುತ್ತದೆಂದು ಅದನ್ನೇ ದಿಟ್ಟಿಸಿ ನೋಡಬೇಡಿ, ಕಣ್ಣಿಗೆ ಕಾಣುವುದಕ್ಕಿಂತ ಅದರ ಬೆಳಕು ಹೆಚ್ಚಿರುತ್ತದೆ. ನೀರು ಚಿಮುಕಿಸುವ ಜಾಗದಿಂದ ವೈರು, ಪ್ಲಗ್ಗು ದೂರವಿರಲಿ. ನಿಮ್ಮ ಗಿಡ ದೀರ್ಘ ಹಗಲು ಬಯಸುವುದೋ, ಸೇವಂತಿಗೆಯಂತೆ ಉದ್ದನೆಯ ಕತ್ತಲೆ ಬಯಸುವುದೋ ಎಂದು ಹತ್ತಿರದ ನರ್ಸರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಎಲ್ಲ ಕುಂಡಕ್ಕೂ ಒಟ್ಟಿಗೇ ಮಾಡಲು ಹೋಗದೆ, ಒಂದೆರಡರಲ್ಲಿ ಮಾಡಿ ನೋಡಿ. ಮತ್ತೆ, ಮನೆಯಲ್ಲಿ ಗಿಡ ನೋಡಿಕೊಳ್ಳುವವರು ಯಾರೇ ಇರಲಿ, ಹೂ ಬರಲಿಲ್ಲವೆಂದು ಅವರ ಕೈಯನ್ನು ದೂರಬೇಡಿ. ಇವತ್ತು ಸಂಜೆ ದೀಪ ಹಚ್ಚುವಾಗ ಅವರ ಜೊತೆಗೆ ಕುಂಡದ ಹತ್ತಿರ ನಿಂತು, ಗಿಡಕ್ಕೆ ಎಂಥ ಬೆಳಕು ಸಿಗುತ್ತಿದೆ ಎಂದು ಇಬ್ಬರೂ ಸೇರಿ ನೋಡಿ.